ಲಂಡನ್ನಿನ ಪರೀಕ್ಷೆ, ಸಿಂಗಪುರದ ಪಾಠ: ಹಾಸನದ ಒಬ್ಬ ಹೆಣ್ಣುಮಗಳು ಪದವಿ ಪಡೆದ ಬಗೆ

ಕೆಲಸ ಚೆನ್ನಾಗಿ ಗೊತ್ತಿದ್ದೂ ಪದವಿ ಇಲ್ಲದ ಕಾರಣಕ್ಕೆ ನಿಂತಲ್ಲೇ ನಿಂತವರು ನಮ್ಮ ನಡುವೆ ಬಹಳ ಜನ ಇದ್ದಾರೆ. ಅಂಥ ಒಬ್ಬರು ಸಿಂಗಪುರದಲ್ಲಿ ಮನೆ, ಮಗು, ಕೆಲಸ ಯಾವುದನ್ನೂ ಬಿಡದೆ ಲಂಡನ್ ವಿಶ್ವವಿದ್ಯಾಲಯದ ಪದವಿ ಮುಗಿಸಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಇಲ್ಲಿ ಬರೆಯುತ್ತಿದ್ದೇನೆ. ವಿದೇಶಿ ಪದವಿ ಅಂದ ಕೂಡಲೇ ವಿಮಾನ, ವೀಸಾ, ಬ್ಯಾಂಕ್ ಸಾಲ ಅಂತ ಯೋಚಿಸುವವರಿಗೆ ಇನ್ನೊಂದು ದಾರಿಯೂ ಇದೆ ಎಂದು ಗೊತ್ತಾಗಬೇಕು. ಆ ದಾರಿ ಎಲ್ಲಿ ಗಟ್ಟಿ, ಎಲ್ಲಿ ಜಾರುತ್ತದೆ ಅನ್ನುವುದೂ ಗೊತ್ತಾಗಬೇಕು.

ಪರಿಸ್ಥಿತಿ

ಆಕೆ ಹಾಸನದವರು. ಎಸ್ಸೆಸ್ಸೆಲ್ಸಿ ಆದ ಮೇಲೆ ಪಾಲಿಟೆಕ್ನಿಕ್ ಸೇರಿ ಕಂಪ್ಯೂಟರ್ ಸೈನ್ಸ್‌ನಲ್ಲಿ ಡಿಪ್ಲೊಮಾ ಮಾಡಿದರು. ಲ್ಯಾಟರಲ್ ಎಂಟ್ರಿಯಲ್ಲಿ ಬಿ.ಇ. ಸೇರುವ ಆಸೆ ಇತ್ತು. ಆದರೆ ಮನೆಯಲ್ಲಿ ಇಬ್ಬರು ತಮ್ಮಂದಿರ ಓದು ಬಾಕಿ ಇತ್ತು, ಸಂಬಳ ಬೇಕಿತ್ತು. ಬೆಂಗಳೂರಿಗೆ ಬಂದು ಒಂದು ಕಂಪನಿಯ ಹೆಲ್ಪ್‌ಡೆಸ್ಕ್‌ನಲ್ಲಿ ಕೆಲಸಕ್ಕೆ ಕೂತರು. ಮದುವೆಯಾಗಿ ಗಂಡನ ಜೊತೆ ಸಿಂಗಪುರಕ್ಕೆ ಬಂದ ಮೇಲೂ ಅದೇ ಕೆಲಸ ಮುಂದುವರಿಯಿತು. 2020ರ ಹೊತ್ತಿಗೆ ಇಬ್ಬರಿಗೂ ಅಲ್ಲಿ ಖಾಯಂ ವಾಸದ ಅನುಮತಿ ಸಿಕ್ಕಿತ್ತು. ಮಗನಿಗೆ ನಾಲ್ಕು ವರ್ಷ.

ಕೆಲಸದಲ್ಲಿ ಆಕೆಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಹೊಸದಾಗಿ ಸೇರಿದ ಹುಡುಗರಿಗೆ ಕೆಲಸ ಕಲಿಸುತ್ತಿದ್ದವರೇ ಅವರು. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಹುಡುಗರು ಸಿಸ್ಟಮ್ಸ್ ವಿಭಾಗಕ್ಕೋ ಸಾಫ್ಟ್‌ವೇರ್ ವಿಭಾಗಕ್ಕೋ ಹೋಗಿಬಿಡುತ್ತಿದ್ದರು, ಇವರು ಅಲ್ಲೇ. ಒಳಗಿನ ಹುದ್ದೆಗೆ ಅರ್ಜಿ ಹಾಕಿದಾಗಲೆಲ್ಲ ಕನಿಷ್ಠ ಅರ್ಹತೆ ಪದವಿ ಎಂಬ ಒಂದೇ ಸಾಲು ಅಡ್ಡ ಬರುತ್ತಿತ್ತು. "ಅಣ್ಣಾ, ನಂಗೆ ಕೆಲ್ಸ ಬರಲ್ಲ ಅಂದ್ರೆ ಒಪ್ಕೋತೀನಿ. ಪೇಪರ್ ಇಲ್ಲ ಅಂತಾರಲ್ಲ, ಅದನ್ನ ತಡ್ಕೊಳ್ಳೋಕಾಗಲ್ಲ" ಅಂತ ಒಂದು ಸಲ ನನ್ನ ಹತ್ತಿರ ಹೇಳಿದ್ದರು.

ಮುಂದಿದ್ದ ದಾರಿಗಳು

ಮೊದಲು ಯೋಚಿಸಿದ್ದು ಊರಿಗೆ ಹೋಗಿ ಬಿ.ಇ. ಎರಡನೇ ವರ್ಷಕ್ಕೆ ಸೇರುವುದು. ಅಂದರೆ ಮೂರು ವರ್ಷ ಗಂಡ ಒಂದು ಕಡೆ, ಇವರು ಒಂದು ಕಡೆ, ಸಂಬಳವೂ ಇಲ್ಲ. ಇದು ಬೇಗನೆ ಬಿದ್ದುಹೋಯಿತು.

ಎರಡನೆಯದು ನೇರವಾಗಿ ಬ್ರಿಟನ್ನಿಗೆ ಹೋಗಿ ಓದುವುದು. ಅದರ ಲೆಕ್ಕ ಹಾಕಿದಾಗ ನನಗೇ ತಲೆ ತಿರುಗಿತು. ಆಗಿನ ವಿದ್ಯಾರ್ಥಿ ವೀಸಾ ನಿಯಮದ ಪ್ರಕಾರ ಲಂಡನ್ನಿನಲ್ಲಿ ಓದುವವರು ತಿಂಗಳಿಗೆ 1,334 ಪೌಂಡ್‌ನಂತೆ ಒಂಬತ್ತು ತಿಂಗಳ ಖರ್ಚನ್ನು ತೋರಿಸಬೇಕಿತ್ತು. ಒಟ್ಟು 12,006 ಪೌಂಡ್. ಇದು ಬರೀ ಊಟ, ವಸತಿಗೆ. ಕಾಲೇಜಿನ ಫೀಸು ಬೇರೆ. ಹಣ ಹೇಗೋ ಹೊಂದಿಸಿದರೂ ಬ್ಯಾಚುಲರ್ ಪದವಿ ಓದಲು ಹೋಗುವವರು ಗಂಡ, ಮಕ್ಕಳನ್ನು ಅವಲಂಬಿತರ ವೀಸಾದಲ್ಲಿ ಕರೆದುಕೊಂಡು ಹೋಗುವಂತಿಲ್ಲ. ನಾಲ್ಕು ವರ್ಷದ ಮಗನನ್ನು ಬಿಟ್ಟು ಹೋಗುವ ಮಾತೇ ಇರಲಿಲ್ಲ.

ಮೂರನೆಯದು ಪೂರ್ತಿ ಆನ್‌ಲೈನ್ ಪದವಿ. ಇದು ಆಕೆಗೆ ಬೇಡವಾಗಿತ್ತು. ಹಿಂದೆ ಕೆಲವು ಆನ್‌ಲೈನ್ ಕೋರ್ಸ್ ಶುರು ಮಾಡಿ ಅರ್ಧಕ್ಕೇ ಬಿಟ್ಟಿದ್ದರು. ರಾತ್ರಿ ಮಗು ಮಲಗಿದ ಮೇಲೆ ಒಬ್ಬರೇ ಲ್ಯಾಪ್‌ಟಾಪ್ ಮುಂದೆ ಕೂತು ಓದಿ ವರ್ಷಗಟ್ಟಲೆ ತಳ್ಳುವುದು ತಮ್ಮಿಂದಾಗದು ಎಂದು ಅವರಿಗೇ ಗೊತ್ತಿತ್ತು.

ಉಳಿದದ್ದು ನಾಲ್ಕನೆಯ ದಾರಿ. ಹೆಸರು ನೋಂದಾಯಿಸುವುದು ಲಂಡನ್ ವಿಶ್ವವಿದ್ಯಾಲಯದಲ್ಲಿ. ಪಾಠ ನಡೆಯುವುದು ಸಿಂಗಪುರದಲ್ಲಿ, ಆ ವಿಶ್ವವಿದ್ಯಾಲಯ ಒಪ್ಪಿದ ಒಂದು ಬೋಧನಾ ಕೇಂದ್ರದಲ್ಲಿ, ಸಂಜೆ ಮತ್ತು ಶನಿವಾರ. ಪಠ್ಯ, ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ಪದವಿ ಎಲ್ಲವೂ ಲಂಡನ್ನಿನದು.

ಈ ವ್ಯವಸ್ಥೆ ಎಷ್ಟು ಹಳೆಯದು

ಕೇಳಿದವರೆಲ್ಲ ಇದೇನೋ ಹೊಸ ವ್ಯಾಪಾರ ಅಂತಲೇ ಅಂದರು. ಹಾಗೇನಿಲ್ಲ. ಲಂಡನ್ ವಿಶ್ವವಿದ್ಯಾಲಯ ಶುರುವಾಗಿದ್ದು 1836ರಲ್ಲಿ. 1858ರ ಸನದು ಬಂದ ಮೇಲೆ ತನ್ನ ಕಾಲೇಜುಗಳಿಗೆ ಬಂದು ಕೂರದವರಿಗೂ ಅದು ಪರೀಕ್ಷೆಯ ಬಾಗಿಲು ತೆರೆಯಿತು. 1865ರಲ್ಲಿ ಬ್ರಿಟನ್ನಿನ ಆಚೆ, ಮಾರಿಷಸ್‌ನಲ್ಲಿ, ಪರೀಕ್ಷೆ ನಡೆಯಿತು. 1878ರಲ್ಲಿ ಹೆಂಗಸರಿಗೂ ಪದವಿಗೆ ಅವಕಾಶ ಕೊಟ್ಟಿತು. ಬ್ರಿಟನ್ನಿನಲ್ಲಿ ಹಾಗೆ ಮಾಡಿದ ಮೊದಲ ವಿಶ್ವವಿದ್ಯಾಲಯ ಅದೇ. ಕೊಲಂಬೊದಲ್ಲಿ 1921ರಲ್ಲಿ ಶುರುವಾದ ಯೂನಿವರ್ಸಿಟಿ ಕಾಲೇಜು ಹುಡುಗರನ್ನು ತಯಾರು ಮಾಡುತ್ತಿದ್ದದ್ದು ಲಂಡನ್ ಪದವಿಗೇ. ಸಿಲೋನ್ ವಿಶ್ವವಿದ್ಯಾಲಯ ಹುಟ್ಟುವ ತನಕ, ಅಂದರೆ 1942ರ ತನಕ, ಅದು ಹಾಗೇ ನಡೆಯಿತು.

ನಮಗೂ ಇದರ ಪರಿಚಯ ಇದೆ. 1857ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಕಟ್ಟಿದಾಗ ಮಾದರಿ ಇಟ್ಟುಕೊಂಡದ್ದು ಲಂಡನ್ನನ್ನೇ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಕೇಳಿದವರು 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬರುವವರೆಗೂ ಮದ್ರಾಸಿನ ಪರೀಕ್ಷೆ ಬರೆದು ಮದ್ರಾಸಿನ ಪದವಿ ಪಡೆಯುತ್ತಿದ್ದರು. ಪಾಠ ಊರಲ್ಲಿ, ಪರೀಕ್ಷೆ ದೂರದ್ದು. ಆ ಪದವಿಯನ್ನು ಯಾರೂ ಕಡಿಮೆ ಅಂದುಕೊಳ್ಳಲಿಲ್ಲ, ಅಲ್ವಾ?

ಸಿಂಗಪುರದಲ್ಲಿ ಈ ಬಗೆಯ ಓದು ಬೇರೂರಿ ದಶಕಗಳಾಗಿವೆ. 1964ರಲ್ಲಿ ಹುಟ್ಟಿದ ಸಿಂಗಪುರ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ 1986ರಿಂದ ಲಂಡನ್ ವಿಶ್ವವಿದ್ಯಾಲಯದ ಜೊತೆಗಿದೆ. ಮೆಲ್ಬರ್ನ್‌ನ ಆರ್‌ಎಂಐಟಿ ವಿಶ್ವವಿದ್ಯಾಲಯ ಕೂಡ ಸುಮಾರು ಅದೇ ಕಾಲದಿಂದ ಅಲ್ಲಿ ಪದವಿ ಕೊಡುತ್ತಿದೆ. ಇದರ ಪಕ್ಕದಲ್ಲಿ ಇನ್ನೊಂದು ಘಟನೆ ಇಟ್ಟು ನೋಡಬೇಕು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯ 2007ರಲ್ಲಿ ಸಿಂಗಪುರದಲ್ಲಿ ತನ್ನದೇ ಕ್ಯಾಂಪಸ್ ತೆರೆಯಿತು. ಅಂದುಕೊಂಡಷ್ಟು ವಿದ್ಯಾರ್ಥಿಗಳು ಬರಲಿಲ್ಲ. ಒಂದು ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಮುಚ್ಚಿತು. ದೊಡ್ಡ ಹೆಸರು, ಸ್ವಂತ ಕಟ್ಟಡ ಇದ್ದ ಮಾತ್ರಕ್ಕೆ ಭದ್ರ ಅಂತಲ್ಲ. ಊರಿನಲ್ಲಿ ಹಳೆಯದಾಗಿ ಬೇರು ಬಿಟ್ಟ ಸಂಸ್ಥೆಯೊಂದು ಪಾಲುದಾರನಾಗಿದ್ದರೆ ಎಷ್ಟೋ ಸಲ ಅದೇ ಜಾಸ್ತಿ ಗಟ್ಟಿ.

ಸೇರುವ ಮೊದಲು ನೋಡಿದ್ದು

ಆಕೆ ಆರಿಸಿದ್ದು ಬಿ.ಎಸ್‌ಸಿ. ಕಂಪ್ಯೂಟರ್ ಸೈನ್ಸ್. 2019ರಲ್ಲಿ ಶುರುವಾದ ಪದವಿ ಅದು. ಪಠ್ಯದ ಹೊಣೆ ಲಂಡನ್ ವಿಶ್ವವಿದ್ಯಾಲಯದ್ದೇ ಕಾಲೇಜಾದ ಗೋಲ್ಡ್‌ಸ್ಮಿತ್ಸ್‌ನದು.

ಡಿಪ್ಲೊಮಾ ಅಂಕಪಟ್ಟಿ ನೇರ ಪ್ರವೇಶಕ್ಕೆ ಸಾಕಾಗುತ್ತದೋ ಇಲ್ಲವೋ ಅನ್ನುವ ಅನುಮಾನ ಇತ್ತು. ಅದಕ್ಕೆ ಅಲ್ಲೊಂದು ಒಳ್ಳೆಯ ಏರ್ಪಾಡಿದೆ. ಪದವಿಯ ಒಂದೊಂದು ವಿಷಯಕ್ಕೆ ಅಲ್ಲಿ ಮಾಡ್ಯೂಲ್ ಅನ್ನುತ್ತಾರೆ. ಮೊದಲು ಪ್ರೋಗ್ರಾಮಿಂಗ್ ಮತ್ತು ಗಣಿತದ ಮಾಡ್ಯೂಲ್ ತೆಗೆದುಕೊಂಡು ಪಾಸಾಗಿ ತೋರಿಸಿದರೆ ಪೂರ್ತಿ ಪದವಿಗೆ ಪ್ರವೇಶ. ಹಳೆಯ ಅಂಕ ಕೇಳುವ ಬದಲು ಈಗ ಏನು ಮಾಡಬಲ್ಲಿರಿ ಎಂದು ಕೇಳುತ್ತಾರೆ. ಹತ್ತು ವರ್ಷ ಓದು ಬಿಟ್ಟವರಿಗೆ ಇದಕ್ಕಿಂತ ಗೌರವದ ಬಾಗಿಲು ಇನ್ನೊಂದಿಲ್ಲ ಎಂದು ನಾನು ನಂಬುತ್ತೇನೆ. ಜೊತೆಗೆ ಆಕೆ ಕೆಲಸದ ಸಲುವಾಗಿ ಗೂಗಲ್‌ನ ಐಟಿ ಸಪೋರ್ಟ್ ಸರ್ಟಿಫಿಕೇಟ್ ಮಾಡಿಕೊಂಡಿದ್ದರು. ಅದನ್ನು ತೋರಿಸಿದ್ದಕ್ಕೆ ಕಂಪ್ಯೂಟರ್ ಹೇಗೆ ಕೆಲಸ ಮಾಡುತ್ತದೆ ಎಂಬ ಒಂದು ಮಾಡ್ಯೂಲ್ ಮಾಫಿಯಾಯಿತು. ಹೆಲ್ಪ್‌ಡೆಸ್ಕ್‌ನ ಅನುಭವ ಮೊದಲ ಸಲ ಓದಿನ ಲೆಕ್ಕಕ್ಕೆ ಬಂತು.

ಬೋಧನಾ ಕೇಂದ್ರದ ವಿಷಯದಲ್ಲಿ ಇಬ್ಬರೂ ಕೂತು ಮೂರು ಸಂಗತಿ ನೋಡಿದೆವು. ವಿಶ್ವವಿದ್ಯಾಲಯದ ಸ್ವಂತ ಪಟ್ಟಿಯಲ್ಲಿ ಈ ಕೇಂದ್ರದ ಹೆಸರು, ಅದೂ ಇದೇ ಪದವಿಯ ಎದುರು, ಇದೆಯೇ? ಕೇಂದ್ರದ ಕರಪತ್ರ ಏನೇ ಹೇಳಲಿ, ನಂಬಬೇಕಾದ್ದು ಆ ಪಟ್ಟಿಯನ್ನು. ಎರಡನೆಯದು, ಸಿಂಗಪುರದ ಸರ್ಕಾರದ ಹಿಡಿತ. ಒಂದು ಕಾಲದಲ್ಲಿ ಅಲ್ಲೂ ಮೋಸದ ಶಾಲೆಗಳಿದ್ದವು, ನಕಲಿ ವಿದೇಶಿ ಪದವಿ ಕೊಟ್ಟು ಸಿಕ್ಕಿಬಿದ್ದವೂ ಇದ್ದವು. 2009ರಲ್ಲಿ ಖಾಸಗಿ ಶಿಕ್ಷಣ ಕಾಯ್ದೆ ಬಂದು ನೋಂದಣಿ, ಎಜುಟ್ರಸ್ಟ್ ಎಂಬ ಗುಣಮಟ್ಟದ ಮುದ್ರೆ, ಫೀಸಿಗೆ ರಕ್ಷಣೆ ಎಲ್ಲ ಜಾರಿಯಾದವು. ಕೇಂದ್ರ ಮಧ್ಯದಲ್ಲಿ ಮುಚ್ಚಿದರೂ ಕಟ್ಟಿದ ಹಣ ಮುಳುಗದ ಹಾಗೆ ವ್ಯವಸ್ಥೆ ಇದೆ. ಕರಾರಿಗೆ ಸಹಿ ಹಾಕಿದ ಮೇಲೂ ಏಳು ಕೆಲಸದ ದಿನದೊಳಗೆ ಮನಸ್ಸು ಬದಲಾಯಿಸಬಹುದು. ಮೂರನೆಯದು, ಪದವಿ ಪತ್ರದ ಮೇಲೆ ಯಾರ ಹೆಸರು? ಲಂಡನ್ ವಿಶ್ವವಿದ್ಯಾಲಯದ್ದು. ಕೇಂದ್ರದ ಹೆಸರು ಅಲ್ಲಿ ಬರುವುದಿಲ್ಲ.

ಓದು ನಡೆದ ರೀತಿ

2020ರ ಅಕ್ಟೋಬರ್‌ನಲ್ಲಿ ಶುರು. ಈ ಪದವಿಗೆ ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಓದು ಆರಂಭ. ಪರೀಕ್ಷೆ ಸೆಪ್ಟೆಂಬರ್ ಮತ್ತು ಮಾರ್ಚ್‌ನಲ್ಲಿ. ಒಟ್ಟು 22 ಮಾಡ್ಯೂಲ್ ಮತ್ತು ಕೊನೆಗೆ ಒಂದು ಪ್ರಾಜೆಕ್ಟ್. ಮೂರು ವರ್ಷಕ್ಕೂ ಮುಗಿಸಬಹುದು, ಆರು ವರ್ಷದವರೆಗೂ ತೆಗೆದುಕೊಳ್ಳಬಹುದು. ಒಂದು ಸಲಕ್ಕೆ ಎಷ್ಟು ಮಾಡ್ಯೂಲ್ ಅನ್ನುವುದು ನಾಲ್ಕರ ಮಿತಿಯೊಳಗೆ ನಮ್ಮ ಇಷ್ಟ. ಆಕೆ ಮೊದಲ ಸಲ ಎರಡು ತೆಗೆದುಕೊಂಡರು, ಆಮೇಲೆ ಸಾಮಾನ್ಯವಾಗಿ ಮೂರು.

ಕೋವಿಡ್ ಕಾಲ ಆದ್ದರಿಂದ ಮೊದಲ ಕೆಲವು ತಿಂಗಳು ಕೇಂದ್ರದ ಪಾಠವೂ ಜೂಮ್‌ನಲ್ಲೇ. ಆಗ ಆಕೆ ಬಹಳ ಸೊರಗಿದ್ದರು. ಪ್ರೋಗ್ರಾಮಿಂಗ್ ಸಲೀಸಾಗಿ ಬಂತು. ಆಮೇಲೆ ಬಂದ ಡಿಸ್ಕ್ರೀಟ್ ಮ್ಯಾಥಮೆಟಿಕ್ಸ್ ಮಾತ್ರ ಅರ್ಥವೇ ಆಗಲಿಲ್ಲ. ಡಿಪ್ಲೊಮಾದ ಗಣಿತ ಮರೆತು ಎಷ್ಟೋ ಕಾಲವಾಗಿತ್ತು. ತರಗತಿಗಳು ಮತ್ತೆ ಕೋಣೆಯಲ್ಲಿ ನಡೆಯತೊಡಗಿದ ಮೇಲೆ ಪರಿಸ್ಥಿತಿ ಬದಲಾಯಿತು. ಗಣಿತದ ಮೇಷ್ಟ್ರು ಒಬ್ಬರು ಶನಿವಾರ ಪಾಠ ಮುಗಿದ ಮೇಲೂ ಉಳಿದು ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿದ್ದರು. ಬರ್ಮಾದ ಒಬ್ಬ ನರ್ಸ್, ಫಿಲಿಪೀನ್ಸ್‌ನ ಒಬ್ಬ ಅಕೌಂಟೆಂಟ್, ಅಲ್ಲೇ ಹುಟ್ಟಿ ಬೆಳೆದ ಒಬ್ಬ ತಮಿಳು ಹುಡುಗ, ಇವರ ಜೊತೆ ಆಕೆಯೂ ಸೇರಿ ನಾಲ್ವರ ಒಂದು ಗುಂಪಾಯಿತು. ಕೋರ್ಸ್‌ವರ್ಕ್ ಕೊಡಬೇಕಾದ ವಾರ ಯಾರಾದರೂ ಬರದಿದ್ದರೆ ಉಳಿದವರು ಫೋನ್ ಮಾಡಿ ಎಳೆದು ತರುತ್ತಿದ್ದರು.

ನನ್ನ ಮಟ್ಟಿಗೆ ಸ್ಥಳೀಯ ಪಾಲುದಾರನಿಂದ ಆದ ದೊಡ್ಡ ಲಾಭ ಇದೇ. ಪಾಠದ ವಿಡಿಯೊಗಳು, ಟಿಪ್ಪಣಿಗಳು ಲಂಡನ್ನಿನಿಂದ ಹೇಗೂ ಎಲ್ಲರಿಗೂ ಸಿಗುತ್ತವೆ. ಓದಿನ ವಿಷಯಕ್ಕೆ ಕೊರತೆ ಇರಲಿಲ್ಲ. ಸೋತಾಗ ಕೇಳುವ ಒಬ್ಬ ಮನುಷ್ಯ ಬೇಕಿತ್ತು. ಅದನ್ನು ಕೇಂದ್ರ ಕೊಟ್ಟಿತು.

ಇನ್ನೊಂದು ಸೂಕ್ಷ್ಮ ಇದೆ. ಪಾಠ ಹೇಳುವವರ ಕೈಯಲ್ಲಿ ಅಂಕ ಇಲ್ಲ. ಪ್ರಶ್ನೆಪತ್ರಿಕೆಯನ್ನು ಅವರೂ ನೋಡಿರುವುದಿಲ್ಲ. ಹೀಗಾಗಿ ಮೇಷ್ಟ್ರಿಗೆ ಹೆದರಿ ಸುಮ್ನೆ ಕೂರುವ ಅಗತ್ಯ ಬೀಳಲಿಲ್ಲ. ಅವರ ಮೆಚ್ಚುಗೆಯಿಂದ ಅಂಕ ಹೆಚ್ಚುವುದಿಲ್ಲ, ಮುನಿಸಿನಿಂದ ಕಡಿಮೆಯಾಗುವುದೂ ಇಲ್ಲ. ವಿದ್ಯಾರ್ಥಿ, ಮೇಷ್ಟ್ರು ಇಬ್ಬರೂ ದೂರದ ಒಂದು ಪರೀಕ್ಷೆಯ ಎದುರು ಒಂದೇ ಪಕ್ಷದಲ್ಲಿ ನಿಲ್ಲುತ್ತಾರೆ. ಇಂಟರ್ನಲ್ ಮಾರ್ಕ್ಸ್‌ನ ಭಯದಲ್ಲಿ ಓದಿದ ನಮ್ಮಂಥವರಿಗೆ ಇದರ ಬೆಲೆ ಗೊತ್ತು.

2022ರ ವಿರಾಮ

2022ರ ಆರಂಭದಲ್ಲಿ ಹಾಸನದಲ್ಲಿ ಆಕೆಯ ತಂದೆಗೆ ಪಾರ್ಶ್ವವಾಯು ಬಡಿಯಿತು. ತಾಯಿ ಒಬ್ಬರೇ. ತಮ್ಮಂದಿರಿಬ್ಬರೂ ಆಗಷ್ಟೇ ಕೆಲಸಕ್ಕೆ ಸೇರಿದ್ದರು, ರಜೆ ಸಿಗುತ್ತಿರಲಿಲ್ಲ. ಆಕೆ ಕಂಪನಿಗೆ ಸಂಬಳವಿಲ್ಲದ ರಜೆ ಬರೆದುಕೊಟ್ಟು, ಮಗನನ್ನು ಕರೆದುಕೊಂಡು ಊರಿಗೆ ಹೊರಟರು. ಓದು ಇಲ್ಲಿಗೆ ಮುಗಿಯಿತು ಅಂತಲೇ ನಾವೆಲ್ಲ ಅಂದುಕೊಂಡೆವು.

ಮುಗಿಯಲಿಲ್ಲ. ಏಪ್ರಿಲ್‌ನ ಅವಧಿಗೆ ಆಕೆ ಒಂದೂ ಮಾಡ್ಯೂಲ್ ತೆಗೆದುಕೊಳ್ಳಲಿಲ್ಲ. ಯಾರೂ ಹೆಸರು ಹೊಡೆಯಲಿಲ್ಲ. ಫೀಸು ಮಾಡ್ಯೂಲ್ ಲೆಕ್ಕದಲ್ಲಿ ಕಟ್ಟುವುದರಿಂದ ಓದದ ಮಾಡ್ಯೂಲ್‌ಗಳಿಗೆ ಹಣವೂ ಹೋಗಲಿಲ್ಲ. ಅಕ್ಟೋಬರ್ ಹೊತ್ತಿಗೆ ತಂದೆ ಕೋಲು ಹಿಡಿದು ನಡೆಯುವಂತಾದರು. ಇನ್ನೂ ಹಾಸನದಲ್ಲೇ ಇದ್ದ ಆಕೆ ಒಂದೇ ಒಂದು ಮಾಡ್ಯೂಲ್ ತೆಗೆದುಕೊಂಡು, ಕೇಂದ್ರದ ನೆರವಿಲ್ಲದೆ, ಆನ್‌ಲೈನ್ ಪಾಠ ಕೇಳಿ ಓದಿದರು. ನೋಂದಣಿ ಇದ್ದದ್ದು ಲಂಡನ್ನಿನಲ್ಲಿ. ಪಾಠ ಸಿಂಗಪುರದಲ್ಲಿ ಕೇಳಿದರೇನು, ಹಾಸನದ ಪೆನ್ಷನ್ ಮೊಹಲ್ಲದ ಮನೆಯಲ್ಲಿ ಕೇಳಿದರೇನು? 2023ರಲ್ಲಿ ಸಿಂಗಪುರಕ್ಕೆ ಮರಳಿ ಮತ್ತೆ ಅದೇ ಕೇಂದ್ರಕ್ಕೆ ಸೇರಿಕೊಂಡರು.

ಬೇರೆ ಯಾವ ದಾರಿಯಲ್ಲಿದ್ದರೂ ಈ ಒಂದು ವರ್ಷ ಪದವಿಯನ್ನೇ ನುಂಗಿಬಿಡುತ್ತಿತ್ತು. ವಿದ್ಯಾರ್ಥಿ ವೀಸಾದಲ್ಲಿ ಬ್ರಿಟನ್ನಿನಲ್ಲಿದ್ದವರು ಓದು ನಿಲ್ಲಿಸಿ ಊರಿಗೆ ಬಂದರೆ ವೀಸಾ ರದ್ದಾಗುತ್ತದೆ. ಮತ್ತೆ ಮೊದಲಿನಿಂದ ಅರ್ಜಿ, ಮತ್ತೆ ಹಣ. ಈ ಪದವಿಯಲ್ಲಿ ನಿಜವಾಗಿಯೂ ಅರ್ಧಕ್ಕೇ ಬಿಡಬೇಕಾಗಿ ಬಂದರೂ ಕೈ ಬರಿದಾಗುವುದಿಲ್ಲ. ಮೊದಲ ಹಂತದ 120 ಕ್ರೆಡಿಟ್ (ಪಾಸಾದ ಓದನ್ನು ಅಳೆಯುವ ಲೆಕ್ಕ) ಮುಗಿಸಿದ್ದರೆ ಉನ್ನತ ಶಿಕ್ಷಣದ ಸರ್ಟಿಫಿಕೇಟ್, 240 ಮುಗಿಸಿದ್ದರೆ ಡಿಪ್ಲೊಮಾ ಪಡೆದು ಹೊರಬರಬಹುದು. ಮನೆಯ ಜವಾಬ್ದಾರಿ ಹೊತ್ತ ಹೆಂಗಸರಿಗೆ ಇಂಥ ಮೆಟ್ಟಿಲುಗಳು ಬಹಳ ಮುಖ್ಯ. ಕಾಯಿಲೆ, ಬಾಣಂತನ, ವಯಸ್ಸಾದವರ ಆರೈಕೆ ಬಂದಾಗಲೆಲ್ಲ ಓದು ಬಿಡುವುದು ಮನೆಯಲ್ಲಿ ಸಾಮಾನ್ಯವಾಗಿ ಅವರೇ. ಆ ಓದನ್ನು ಮತ್ತೆ ಎತ್ತಿಕೊಳ್ಳುವ ಅವಕಾಶ ನಿಯಮದಲ್ಲೇ ಇರಬೇಕು. ಯಾರದೋ ದಯೆಯ ಮೇಲೆ ನಿಲ್ಲಬಾರದು.

ಖರ್ಚು ಮತ್ತು ಕಷ್ಟ

ಹಣ ಎರಡು ಕಡೆ ಕಟ್ಟಬೇಕು, ಇದನ್ನು ಮುಚ್ಚಿಡಬಾರದು. ವಿಶ್ವವಿದ್ಯಾಲಯಕ್ಕೆ ಪೌಂಡ್‌ನಲ್ಲಿ, ಕೇಂದ್ರಕ್ಕೆ ಸಿಂಗಪುರ ಡಾಲರ್‌ನಲ್ಲಿ. ಒಬ್ಬರೇ ಓದಿಕೊಳ್ಳುವವರಿಗೆ ಎರಡನೆಯ ಖರ್ಚು ಇರುವುದಿಲ್ಲ. ಆದರೂ ಆರು ತಿಂಗಳಿಗೊಮ್ಮೆ ಅಷ್ಟಷ್ಟೇ ಕಟ್ಟುತ್ತಾ ಹೋದದ್ದರಿಂದ ಸಂಬಳದಲ್ಲೇ ಎಲ್ಲವೂ ತೂಗಿತು. ಸಾಲ ಮಾಡಲಿಲ್ಲ, ಊರಿನ ಸೈಟು ಅಡವಿಡಲಿಲ್ಲ. ಪರೀಕ್ಷೆಗೆ ಕಂಪನಿ ರಜೆ ಕೊಟ್ಟಿತು, ಹಣ ಕೊಡಲಿಲ್ಲ.

ದಣಿವಿಗೆ ಮಾತ್ರ ಯಾವ ರಿಯಾಯಿತಿಯೂ ಇರಲಿಲ್ಲ. ಕೆಲಸ ಮುಗಿಸಿ, ಎಂಆರ್‌ಟಿ ರೈಲಿನಲ್ಲೇ ಬಾಕ್ಸಿನ ಚಪಾತಿ ತಿಂದು ತರಗತಿಗೆ ಹೋಗಿ, ರಾತ್ರಿ ಮನೆ ಸೇರುವಾಗ ಮಗ ಮಲಗಿರುತ್ತಿದ್ದ. ಗಂಡ ಅಡುಗೆ, ಮಗುವಿನ ಹೋಂವರ್ಕ್ ಎರಡನ್ನೂ ಪೂರ್ತಿಯಾಗಿ ವಹಿಸಿಕೊಂಡಿದ್ದರು. ಅವರು ಹಾಗೆ ನಿಲ್ಲದಿದ್ದರೆ ಎಷ್ಟೇ ಅನುಕೂಲದ ಪದವಿಯಾದರೂ ಮುಗಿಯುತ್ತಿರಲಿಲ್ಲ. ಕ್ಯಾಂಪಸ್ ಜೀವನ, ದೊಡ್ಡ ಗ್ರಂಥಾಲಯದಲ್ಲಿ ಕಳೆಯುವ ಮಧ್ಯಾಹ್ನಗಳು, ಪ್ರೊಫೆಸರುಗಳ ಜೊತೆ ಮುಖಾಮುಖಿ ಮಾತು, ಇವು ಯಾವುವೂ ಆಕೆಗೆ ಸಿಗಲಿಲ್ಲ. ಹದಿನೆಂಟರ ವಯಸ್ಸಿನ ಹುಡುಗರಿಗೆ ಅದು ದೊಡ್ಡ ನಷ್ಟ. ಅಂಥವರಿಗೆ ನಾನು ಈ ದಾರಿಯನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ.

ಭಾರತಕ್ಕೆ ಮರಳುವವರು ನೋಡಬೇಕಾದ್ದು

ಈ ಪ್ರಕರಣದ ಅತಿ ದುರ್ಬಲ ಜಾಗ ಇದು. ಆಕೆ ಸಿಂಗಪುರದಲ್ಲೇ ಇರುವವರಾದ್ದರಿಂದ ತೊಂದರೆಯಾಗಲಿಲ್ಲ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಹೀಗೆ ಓದಲು ಹೊರಟವರು ಎರಡು ಸಲ ಯೋಚಿಸಬೇಕು. ಖಾಸಗಿ ಕಂಪನಿಗಳು ಪದವಿ ಯಾರದು, ಕೆಲಸ ಬರುತ್ತದೆಯೇ ಎಂದು ನೋಡಿ ತಾವೇ ತೀರ್ಮಾನಿಸುತ್ತವೆ. ಸರ್ಕಾರಿ ಕೆಲಸಕ್ಕೂ ಇಲ್ಲಿ ಮುಂದೆ ಓದುವುದಕ್ಕೂ ತತ್ಸಮಾನ ಮಾನ್ಯತೆ ಬೇಕಾಗುತ್ತದೆ. 2023ರ ಡಿಸೆಂಬರ್‌ನಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಒಂದು ಎಚ್ಚರಿಕೆ ಕೊಟ್ಟಿತು: ತನ್ನ ಅನುಮತಿ ಇಲ್ಲದ ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಸೇರಿ ಕಾಲೇಜುಗಳು, ಎಡ್‌ಟೆಕ್ ಕಂಪನಿಗಳು ಕೊಡುವ ಪದವಿಗಳಿಗೆ ಮಾನ್ಯತೆ ಇಲ್ಲ. 2025ರ ಏಪ್ರಿಲ್‌ನ ನಿಯಮಗಳಲ್ಲೂ ಫ್ರಾಂಚೈಸ್ ಒಪ್ಪಂದದಲ್ಲಿ, ಅಂದರೆ ವಿಶ್ವವಿದ್ಯಾಲಯದ ಹೆಸರಿನಲ್ಲಿ ಬೇರೆ ಸಂಸ್ಥೆ ಓದಿಸುವ ಏರ್ಪಾಡಿನಲ್ಲಿ, ಪಡೆದ ಪದವಿಗೆ ತತ್ಸಮಾನತೆ ಸಿಗದು ಎಂದಿದೆ.

ಭಾರತದ ಒಳಗೆ ಕಾನೂನು ಒಪ್ಪುವ ದಾರಿ ಬೇರೆ. ಯುಜಿಸಿಯ 2022ರ ನಿಯಮದಲ್ಲಿ ಟ್ವಿನ್ನಿಂಗ್, ಜಂಟಿ ಪದವಿ, ಡ್ಯುಯಲ್ ಪದವಿ ಎಂಬ ಮೂರು ಬಗೆ ಇವೆ. ಟ್ವಿನ್ನಿಂಗ್‌ನಲ್ಲಿ ಪದವಿ ಕೊಡುವುದು ಇಲ್ಲಿನ ಸಂಸ್ಥೆ. ವಿದೇಶದಲ್ಲಿ ಗಳಿಸುವ ಕ್ರೆಡಿಟ್ ಶೇ. 30ರ ಒಳಗಿರಬೇಕು. ಈ ನಿಯಮ ಆನ್‌ಲೈನ್, ದೂರಶಿಕ್ಷಣಕ್ಕೆ ಅನ್ವಯಿಸುವುದಿಲ್ಲ. ವಿದೇಶಿ ವಿಶ್ವವಿದ್ಯಾಲಯಗಳು ಸ್ವಂತ ಕ್ಯಾಂಪಸ್ ತೆರೆಯಲೂ ಈಗ ಅವಕಾಶ ಇದೆ. ಬೆಂಗಳೂರಿಗೆ ಬರಲು ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ 2025ರಲ್ಲಿ ಒಪ್ಪಿಗೆ ಪತ್ರ ಸಿಕ್ಕಿದೆ. ಆದರೆ ಕ್ಯಾಂಪಸ್ ಬಂದರೆ ಅದು ಹಗಲು ಹೋಗಿ ಕೂರಬೇಕಾದ ಓದು. ನೌಕರಿ ಮಾಡುತ್ತಾ ಸಂಜೆ ಓದುವವರ ಕೊರತೆಯನ್ನು ಅದು ತಾನಾಗಿ ತುಂಬುವುದಿಲ್ಲ. ನಮ್ಮ ಪಾಲಿಟೆಕ್ನಿಕ್‌ಗಳಿಂದ ಪ್ರತಿವರ್ಷ ಹೊರಬಂದು ನೇರವಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ, ಯುಜಿಸಿಯ ಮಾನ್ಯತೆಯೂ ಇರುವ, ನಿಲ್ಲಿಸಿ ಮುಂದುವರಿಸಬಹುದಾದ ಇಂಥ ಒಂದು ವ್ಯವಸ್ಥೆ ಕರ್ನಾಟಕದಲ್ಲಿ ಬರಬೇಕು. ಬಂದರೆ ಮೊದಲು ಸಂತೋಷಪಡುವವನು ನಾನು.

ಈಗಿನ ಸ್ಥಿತಿ

ಕೊನೆಯ ಪ್ರಾಜೆಕ್ಟ್ 2025ರ ಏಪ್ರಿಲ್‌ನಲ್ಲಿ ಶುರುವಾಗಿ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ವಿಷಯವನ್ನು ಆಕೆ ತಮ್ಮ ಕೆಲಸದಿಂದಲೇ ಆರಿಸಿಕೊಂಡರು. ಹೆಲ್ಪ್‌ಡೆಸ್ಕ್‌ಗೆ ಬರುವ ದೂರುಗಳನ್ನು ಓದಿ, ಯಾವುದು ಯಾವ ತಂಡಕ್ಕೆ ಹೋಗಬೇಕು ಎಂದು ತಾನೇ ವಿಂಗಡಿಸುವ ಒಂದು ಪ್ರೋಗ್ರಾಮ್. ವರ್ಷಗಟ್ಟಲೆ ಕೈಯಲ್ಲಿ ಮಾಡಿದ ಕೆಲಸ ಅದು, ಎಲ್ಲಿ ತಪ್ಪಾಗುತ್ತದೆ ಎಂದು ಅವರಷ್ಟು ಬಲ್ಲವರು ಇರಲಿಲ್ಲ. ಕಂಪನಿಯ ಸಾಫ್ಟ್‌ವೇರ್ ವಿಭಾಗದವರು ಅದನ್ನು ನೋಡಿ, ಪದವಿ ಪತ್ರ ಕೈಗೆ ಬರುವ ಮೊದಲೇ ಆಕೆಯನ್ನು ತಮ್ಮ ತಂಡಕ್ಕೆ ಕರೆದುಕೊಂಡರು. ಗುಂಪಿನ ಬರ್ಮಾದ ನರ್ಸ್‌ಗೆ ಇನ್ನೂ ಆರು ಮಾಡ್ಯೂಲ್ ಬಾಕಿ ಇವೆ. ಶನಿವಾರಗಳಲ್ಲಿ ಆಕೆಗೆ ಅಲ್ಗಾರಿದಮ್ಸ್ ಹೇಳಿಕೊಡಲು ಇವರು ಈಗಲೂ ಕೇಂದ್ರಕ್ಕೆ ಹೋಗುತ್ತಾರೆ.